ಹುಚ್ಚೆಳ್ಳು ಚಟ್ನಿಯ ಸಾಕ್ಷಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತನಾಡಬೇಕು ಎಂಬ ಕಟ್ಟಳೆ ಮಾಡಿದವರು ಯಾರೋ ತಿಳಿಯದು. ಬದುಕಿರುವ ತನಕ ತನ್ನ ಬಗ್ಗೆ ಯಾರೂ ಒಂದು ಒಳ್ಳೆಯ ಮಾತಾಡುವುದಿಲ್ಲ ಎಂದು ಖಾತ್ರಿಯಾಗಿದ್ದ ಯಾವನೋ ಒಬ್ಬ ಮುಂದಾಲೋಚನೆಯಿಂದ ಮಾಡಿಟ್ಟು ಹೋಗಿರಬೇಕು. ಅದರಿಂದ ಸತ್ತವರಿಗೆ ಏನು ಲಾಭವಾಯಿತೋ ಕಾಣೆ, ಫ್ಲೆಕ್ಸ್ ಅಂಗಡಿಯವರಿಗಂತೂ ಆಗಿದೆ. ನಮ್ಮ ಕಡೆ ಈಗ ಯಾರು ಸತ್ತರೂ 'ಮೃದುಭಾಷಿ', ಯಾರು ಸತ್ತರೂ 'ಅಜಾತಶತ್ರು'. ಮಧುಗಿರಿಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಪಾವಗಡದವರೆಗೂ ರಸ್ತೆಯ ಎರಡು ಕಡೆ ಅಜಾತಶತ್ರುಗಳೇ ತೂಗಾಡುತ್ತಿರುತ್ತಾರೆ. ಇಷ್ಟು ಜನ ಅಜಾತಶತ್ರುಗಳಿರುವ ಸೀಮೆಯಲ್ಲಿ ಕೋರ್ಟಿಗೆ ಬರುವ ಕೇಸುಗಳೆಲ್ಲ ಯಾರವು ಎಂದು ನನಗೆ ಸೋಜಿಗ.

ಸೋಜಿಗಕ್ಕೆ ಕಾರಣವಿದೆ. ಮೂವತ್ತು ವರ್ಷದಿಂದ ನಾನು ಮಧುಗಿರಿಯ ಕೋರ್ಟಿನಲ್ಲಿ ಬೆರಳಚ್ಚುಗಾರ. ಕಟಕಟೆಯಲ್ಲಿ ನಿಂತವರು ಆಡಿದ ಮಾತು ಜಡ್ಜ್ ಸಾಹೇಬರ ಬಾಯಿಂದ ಹಾದು ನನ್ನ ಬೆರಳಿಗೆ ಬರುತ್ತದೆ. "ಕಣ್ಣಾರೆ ಕಂಡೆ ಸ್ವಾಮಿ" ಎಂದು ಎದೆ ಮುಟ್ಟಿಕೊಂಡವನು, ಎದುರು ವಕೀಲರು ಪಾಟೀಸವಾಲಿಗೆ ಎದ್ದ ಐದೇ ನಿಮಿಷಕ್ಕೆ, ಆ ದಿನ ತಾನು ಸಿರಾದ ಭಾವಮೈದುನನ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತಾನೆ. ಇನ್ನು ಕೆಲವರು ಒಪ್ಪಿಕೊಳ್ಳುವುದೂ ಇಲ್ಲ, ಮೇಲಿನ ಫ್ಯಾನು ನೋಡುತ್ತ ನಿಲ್ಲುತ್ತಾರೆ. ಆಗ ಸಾಹೇಬರು ಹೇಳಿ ಬರೆಸುವ ಸಾಲು ಒಂದಿದೆ: "ಈ ಪ್ರಶ್ನೆಗೆ ಸಾಕ್ಷಿಯು ಉತ್ತರಿಸದೆ ಮೌನವಾಗಿರುತ್ತಾನೆ." ನನಗೆ ಅತ್ಯಂತ ಪ್ರಿಯವಾದ ಸಾಲು ಅದು. ಅದನ್ನು ಟೈಪು ಮಾಡುವಾಗ ಬೆರಳುಗಳು ತಾವಾಗಿಯೇ ಓಡುತ್ತವೆ. ಮನುಷ್ಯನ ನೆನಪಿನ ಮೇಲೆ ನನಗೆ ಗೌರವ ಉಳಿದಿಲ್ಲ. ನನ್ನ ನೆನಪೊಂದನ್ನು ಬಿಟ್ಟು ಎಂದು ಸೇರಿಸುತ್ತಿದ್ದೆ, ಹದಿನೈದು ದಿನದ ಹಿಂದಿನವರೆಗೆ. ಆಮೇಲೆ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ಮೊನ್ನೆಯಷ್ಟೇ ಅದರ ಗುಂಗಿನಲ್ಲಿ ಒಂದೇ ಹೇಳಿಕೆಯನ್ನು ಎರಡು ಸಲ ಟೈಪು ಮಾಡಿ ಸಾಹೇಬರ ಮುಂದಿಟ್ಟಿದ್ದೆ.

ವಿಷಯ ಶುರುವಾಗುವುದು ಹುಚ್ಚೆಳ್ಳು ಚಟ್ನಿಯಿಂದ. ತಿಂಗಳಿಗೊಂದು ಭಾನುವಾರ ನಾನೇ ಒಲೆ ಮುಂದೆ ನಿಂತು ಅದನ್ನು ಮಾಡುತ್ತೇನೆ. ಆ ಭಾನುವಾರ ನನ್ನ ಹೆಂಡತಿಗೆ ಉಪವಾಸ; ಯಾವ ದೇವರದ್ದು ಎಂದು ಕೇಳಿದರೆ ಹೇಳುವುದಿಲ್ಲ. ಮಗಳಿಗೆ ಗೆಳತಿಯ ಮನೆಯಲ್ಲಿ ಓದುವುದಿರುತ್ತದೆ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಾರೆ. "ರೀ, ಸೀದ ವಾಸನೆ ಕಣ್ರೀ" ಎಂದು ಹೆಂಡತಿ ಸೆರಗನ್ನು ಮೂಗಿಗೆ ಹಿಡಿದು ಹೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ಮೂರು ತಾಲ್ಲೂಕಿನ ಹೊಲದಲ್ಲಿ ಉಂಡ ನಾಲಗೆ ಮೆಚ್ಚಿದ ಚಟ್ನಿ ಇದು. ನಿನಗೇನು ಗೊತ್ತು!" ಪ್ಯಾಕೆಟ್ಟಿನ ಮಸಾಲೆಗೆ ಸೋತ ನಾಲಗೆಗಳ ಜೊತೆ ಸಂಸಾರ ಮಾಡಬೇಕಾಗಿ ಬಂತಲ್ಲ ಎಂದು ಮರುಗುತ್ತ, ನಾನೊಬ್ಬನೇ ಮುದ್ದೆ ಮುರಿದು ತಿನ್ನುತ್ತಿದ್ದೆ.

ಆ ನಾಲಗೆ ಚಿತ್ತಜ್ಜನದು. ನಾಗಲಮಡಿಕೆಯಿಂದ ಆಚೆಗೆ, ಇನ್ನೆರಡು ಹೆಜ್ಜೆ ಹಾಕಿದರೆ ತೆಲುಗು ಸೀಮೆ ಎನ್ನುವಲ್ಲಿ ಅವನ ಹಟ್ಟಿ. ಕೊಯ್ಲು ಮುಗಿದ ಮೇಲೆ ಇನ್ನೂರು ಕುರಿ ಹೊಡೆದುಕೊಂಡು ಪಾವಗಡ ದಾಟಿ, ನಮ್ಮ ಪುರವರದ ಕಡೆಗೆ ಬಂದು, ಕೊರಟಗೆರೆ ಮುಟ್ಟಿ ಹಿಂದಿರುಗುತ್ತಿದ್ದ. ಬೀಳು ಬಿದ್ದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹೊಲಕ್ಕೆ ಗೊಬ್ಬರ ಬೀಳುತ್ತದೆ, ಕುರಿಯವನಿಗೆ ರಾಗಿ ಮತ್ತು ಎರಡು ಹೊತ್ತಿನ ಊಟ. ಹಾಗೆ ಬಂದವನು ನಮ್ಮಪ್ಪನಿಗೆ ಸ್ನೇಹಿತನಾದ, ನನಗೆ ಅಜ್ಜನಾದ. ಹಬ್ಬಕ್ಕೆ ಬಂದ, ಮದುವೆಗೆ ಬಂದ, ನಮ್ಮಪ್ಪನ ಮಣ್ಣಿಗೂ ಬಂದ. ಬಂದಾಗಲೆಲ್ಲ ಬೈದ.

ಇದನ್ನು ಒತ್ತಿ ಹೇಳಬೇಕಾಗಿದೆ. ಚಿತ್ತಜ್ಜನಷ್ಟು ಬೈಯುವ ಮನುಷ್ಯನನ್ನು ನಾನು ಕಂಡಿಲ್ಲ, ಕೋರ್ಟಿನ ಆವರಣವನ್ನೂ ಸೇರಿಸಿ ಹೇಳುತ್ತಿದ್ದೇನೆ. ನಮ್ಮಪ್ಪ ಉತ್ತ ಹೊಲ ನೋಡಿ, "ಲೇ ನರಸಣ್ಣ, ಇದು ನೇಗಿಲ ಸಾಲಾ? ಹೆಂಡ ಕುಡಿದ ಹಾವು ಹರ್ದಂಗೈತಲ್ಲೋ" ಎಂದಿದ್ದ. ಶಾಲೆಯ ಮುಂದೆ ಮಂದೆ ಹೊಡೆದುಕೊಂಡು ಹೋಗುವಾಗ ಹೆಡ್ಮಾಸ್ತರನ್ನು ನಿಲ್ಲಿಸಿ, "ಏಮಿ ಸಾಮಿ, ಇನ್ನೂರು ಕುರಿ ಐತೆ ನಂತಾವ, ಒಂದೂ ಸಾಲು ತಪ್ಪಲ್ಲ. ಮೂವತ್ತು ಹುಡ್ರು ಮಡಿಕಂಡು ಹಿಂಗೆ ಒದ್ದಾಡ್ತೀಯಲ್ಲ" ಎಂದಿದ್ದ. ನನ್ನ ಮದುವೆಯಲ್ಲಿ ಊಟದ ಪಂಕ್ತಿಯಿಂದಲೇ, ಬೀಗರಿಗೆ ಕೇಳಿಸುವ ಹಾಗೆ, "ಅನ್ನ ಬೆಂದಿಲ್ಲ. ಹೆಣ್ಣು ಚೆನ್ನಾಗವ್ಳೆ. ಒಂದಾದ್ರೂ ಸರಿಯಾಯ್ತು ಬುಡು" ಎಂದ. ಆ ಮಾತಿನ ಮೊದಲರ್ಧಕ್ಕೆ ಸಿಟ್ಟು ಮಾಡಿಕೊಳ್ಳಬೇಕೋ ಎರಡನೇ ಅರ್ಧಕ್ಕೆ ಸಂತೋಷಪಡಬೇಕೋ ನನ್ನ ಹೆಂಡತಿಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಇಲ್ಲದ ಒಳ್ಳೆಯದನ್ನು ಇದೆ ಎನ್ನುವ ಜಾಯಮಾನವೇ ಅವನದಲ್ಲ. ಆದ್ದರಿಂದಲೇ ಅವನು ನನ್ನ ಚಟ್ನಿಯನ್ನು ಮೆಚ್ಚಿದ್ದು ನನಗೆ ಸರ್ಕಾರಿ ಮುದ್ರೆಯ ಹಾಗೆ.

ನನಗಾಗ ಒಂಬತ್ತು ವರ್ಷ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಮಧುಗಿರಿಯ ಆಸ್ಪತ್ರೆಯಲ್ಲಿದ್ದಳು. ಅಪ್ಪ ಅವಳ ಜೊತೆಗೆ. ಹೊಲದಲ್ಲಿ ಚಿತ್ತಜ್ಜನ ಮಂದೆ ಇತ್ತು. ಪಕ್ಕದ ಮನೆಯ ಅತ್ತೆ ಮುದ್ದೆ ಮಾಡಿಕೊಟ್ಟು, ಸಾರು ಇನ್ನೂ ಕುದಿದಿಲ್ಲ, ತಾಳು ಎಂದಳು. ನಾನು ತಾಳಲಿಲ್ಲ. ಮನೆಯ ಯಜಮಾನ ಈಗ ನಾನೇ ಎಂಬ ಜವಾಬ್ದಾರಿ ತಲೆಗೇರಿತ್ತು. ಸ್ಟೂಲು ಹತ್ತಿ ಡಬ್ಬದಿಂದ ಹುಚ್ಚೆಳ್ಳು ಇಳಿಸಿ, ಒಲೆ ಊದಿ, ಓಡಿನಲ್ಲಿ ಹುರಿಯತೊಡಗಿದೆ. ಕಡಲೆಬೀಜ ಹುರಿದರೆ ಕೆಂಪಾಗುತ್ತದೆ, ಆಗ ಇಳಿಸಬೇಕು. ಇದನ್ನು ಅಮ್ಮ ಮಾಡುವಾಗ ನೋಡಿದ್ದೆ. ಹುಚ್ಚೆಳ್ಳು ಹುಟ್ಟಿದ್ದೇ ಕಪ್ಪು. ಅದು ಬಣ್ಣ ಬದಲಾಯಿಸಲಿ ಎಂದು ಕಾದೆ. ಬಹಳ ಹೊತ್ತು ಕಾದೆ. ಹೊಗೆ ಒಂದು ಸಲ ಎದ್ದು ನಿಂತಿತು, ಇನ್ನೊಂದು ಸಲ ಎದ್ದಿತು. ಬಣ್ಣ ಬದಲಾಗಲಿಲ್ಲ. ಕೊನೆಗೆ, ಎರಡು ಸಲ ಹೊಗೆಯೆದ್ದರೆ ಇದರ ಹದ ಎಂದು ನಾನೇ ತೀರ್ಮಾನಿಸಿ ಇಳಿಸಿದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಒರಳಲ್ಲಿ ರುಬ್ಬಿದೆ. ಅಂದಿನಿಂದ ಇಂದಿನವರೆಗೆ ಆ ಹದವನ್ನು ಕೂದಲೆಳೆಯಷ್ಟೂ ತಪ್ಪಿಸಿಲ್ಲ. ಎರಡು ಸಲ ಹೊಗೆ ಎದ್ದ ಮೇಲೆಯೇ ಗ್ಯಾಸು ಆರಿಸುವುದು.

ಹೊಲದ ಬೇಲದ ಮರದಡಿ ಚಿತ್ತಜ್ಜ ತಟ್ಟೆ ಮುಂದೆ ಎಳೆದುಕೊಂಡ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಒಂದು ತುತ್ತು ಮುರಿದು, ಚಟ್ನಿಗೆ ಅದ್ದಿ, ಬಾಯಿಗಿಟ್ಟ. ಇಟ್ಟವನು ಅಗಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ದೂರದ ಗುಡ್ಡ ನೋಡಿದ. ಕಣ್ಣಲ್ಲಿ ನೀರಾಡಿತು. ಆಮೇಲೆ ನುಂಗಿ, "ಲೇ ರಂಗ" ಎಂದ, "ನಿಮ್ಮವ್ವನ ಕೈಗಿಂತ ಮಿಗಿಲು ಕಣ್ಲಾ." ಎರಡು ಮುದ್ದೆ, ಅಷ್ಟೂ ಚಟ್ನಿ, ತಟ್ಟೆಯ ಅಂಚು ಬೆರಳಲ್ಲಿ ಸವರಿ ತಿಂದ. ಅಮ್ಮ ಇಲ್ಲದ ಆ ಒಂದು ವಾರದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ. ಮಾರನೆಯ ವರ್ಷ ಬಂದವನು ಜಗಲಿ ಹತ್ತುವ ಮೊದಲೇ "ಎಲ್ಲಲಾ ನಿನ್ ಚಟ್ನಿ?" ಎಂದ. ಅದರ ಮಾರನೆಯ ವರ್ಷವೂ ಕೇಳಿದ. ಕುರಿ ಮಾರಿ, ಮಂಡಿನೋವು ಹಿಡಿದು, ಹಟ್ಟಿಯ ಜಗಲಿಯಲ್ಲೇ ಕೂರುವಂತಾದ ಮೇಲೂ, ವರ್ಷಕ್ಕೆರಡು ಸಲ ನಾನೇ ಒಂದು ಡಬ್ಬಿ ತುಂಬಿಕೊಂಡು ಹೋಗುತ್ತಿದ್ದೆ. ನನ್ನೆದುರಿಗೇ ತಿನ್ನುತ್ತಿದ್ದ. ಇದೆಲ್ಲ ಕಣ್ಣಾರೆ ಕಂಡದ್ದು, ಯಾವ ವಕೀಲನೂ ಅಲ್ಲಾಡಿಸಲಾರ.

ಕಳೆದ ತಿಂಗಳು ಅವನ ಮಗ ನಾಗರಾಜ ಫೋನು ಮಾಡಿದ. ವೈ.ಎನ್. ಹೊಸಕೋಟೆಯಲ್ಲಿ ಸಿಮೆಂಟಿನ ಅಂಗಡಿ ಇಟ್ಟಿರುವವನು. "ಅಣ್ಣ, ಅಪ್ಪ ಓಗ್ಬುಟ್ಟ" ಎಂದ. ಮಣ್ಣಿಗೆ ಹೋಗಲಾಗಲಿಲ್ಲ. ಹನ್ನೊಂದನೆಯ ದಿನಕ್ಕೆ ರಜೆ ಹಾಕಿ ಹೊರಟೆ. ನಮ್ಮ ಕಡೆ ಆ ದಿನ ಸತ್ತವರ ಫೋಟೋದ ಮುಂದೆ ಬಾಳೆ ಎಲೆ ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಎಡೆ ಇಡುತ್ತಾರೆ. ಅವರು ಈ ಮನೆಯಲ್ಲಿ ಉಣ್ಣುವ ಕೊನೆಯ ಊಟ ಅದು. ಆ ಎಲೆಯ ಮೇಲೆ ಏನೇನು ಸುಳ್ಳು ಬೀಳುತ್ತದೋ ನನಗೆ ಗೊತ್ತಿತ್ತು. ಒಂದಾದರೂ ನಿಜವಾದ ಪದಾರ್ಥ ಇರಲಿ, ಚಿತ್ತಜ್ಜ ಬರಿಹೊಟ್ಟೆಯಲ್ಲಿ ಏಳದಿರಲಿ ಎಂದು ಹಿಂದಿನ ದಿನವೇ ಹುಚ್ಚೆಳ್ಳು ಹುರಿದೆ. ಹೊಗೆ ಎರಡು ಸಲ ಎದ್ದಿತು. ಒಂದು ಸ್ಟೀಲು ಡಬ್ಬಿ ತುಂಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಸೀಟಿನವನು ಪಾವಗಡದವರೆಗೆ ನಿಂತೇ ಬಂದ.

ಹಟ್ಟಿಯ ಬಾಗಿಲಲ್ಲೇ ಫ್ಲೆಕ್ಸ್. ಅದರಲ್ಲಿ ಕೋಟು ಹಾಕಿ, ಟೈ ಕಟ್ಟಿ, ಯಾವುದೋ ಬ್ಯಾಂಕಿನ ಮ್ಯಾನೇಜರಂತೆ ಚಿತ್ತಜ್ಜ ನಿಂತಿದ್ದಾನೆ. ಬಿರುಬಿಸಿಲಿನಲ್ಲೂ ಹೆಗಲಿಂದ ಇಳಿಯದಿದ್ದ ಕಂಬಳಿ ಇಲ್ಲ. ಕೆಳಗೆ ದಪ್ಪಕ್ಷರದಲ್ಲಿ 'ಮೃದುಭಾಷಿ, ಅಜಾತಶತ್ರು'. ನನ್ನ ಮೈ ಉರಿದುಹೋಯಿತು.

"ಏನಯ್ಯಾ ನಾಗರಾಜ, ಯಾರಿದು?"

"ಅಪ್ಪ ಕಣಣ್ಣ. ಕತ್ತಿಂದ ಮ್ಯಾಲೆ ಅಪ್ಪ. ಕೋಟು ಅಂಗಡಿಯೋರೇ ಹಾಕ್ಕೊಟ್ರು, ಫ್ರೀ."

"ಮೃದುಭಾಷಿ ಅಂತ ಬರೆಸಿದ್ದು ಯಾರು?"

"ಬರ್ಸೋದೇನೈತಣ್ಣ, ಅದು ಮೊದ್ಲೇ ಇರ್ತೈತೆ. ಪೋಟ ಮಾತ್ರ ಬದ್ಲಾಯಿಸ್ತಾರೆ."

ಒಳಗೆ ಎಡೆಯ ಎಲೆ ನೋಡಿದೆ. ಮುದ್ದೆ, ಮಾಂಸದ ಸಾರು, ಅಲ್ಲಿಯವರೆಗೆ ತಕರಾರಿಲ್ಲ. ಅದರ ಪಕ್ಕಕ್ಕೆ ಕೆಂಪಗೆ ಹೊಳೆಯುವ ಗೋಬಿ ಮಂಚೂರಿ. ಇಟ್ಟವಳು ಸೊಸೆ. "ಮಾವಂಗೆ ಬಾಳ ಇಷ್ಟ" ಎಂದಳು. "ತಿಂದಿದ್ದು ನೀನು ಕಣ್ಣಾರೆ ನೋಡಿದ್ದೀಯೇನಮ್ಮ?" ಎಂದೆ. "ತಿಂದಿಲ್ಲ. ನಾವು ತಿನ್ವಾಗ ವಾಸ್ನೆಗೆ ಮೂಗು ಅರಳಿಸ್ತಿತ್ತು" ಎಂದಳು. ಅರಳಿಸಿದ್ದು ಆಸೆಗೋ ಅಸಹ್ಯಕ್ಕೋ ಎಂಬ ಮುಂದಿನ ಪ್ರಶ್ನೆಯನ್ನು ಕೇಳದೆ ಬಿಟ್ಟೆ. ಇನ್ನೊಂದು ಪಕ್ಕಕ್ಕೆ ಪಂಚಾಯ್ತಿಯ ಮಾಜಿ ಮೆಂಬರು ಒಂದು ಬಾಟಲಿ ಇಟ್ಟಿದ್ದರು. ಚಿತ್ತಜ್ಜ ಅದನ್ನು ಮುಟ್ಟಿದ್ದನ್ನು ನಾನಂತೂ ನೋಡಿಲ್ಲ. ಅದು ಮೆಂಬರು ಕುಡಿಯುವ ಬ್ರಾಂಡು; ಎಡೆ ಎತ್ತಿದ ಮೇಲೆ ಯಾರ ಜೇಬು ಸೇರುತ್ತದೆ ಎಂದು ಬಾಟಲಿಗೂ ಗೊತ್ತಿತ್ತು. ನಾನು ಮಂಚೂರಿಯನ್ನು ಬೆರಳಲ್ಲಿ ಆಚೆ ತಳ್ಳಿ, ನಡು ಎಲೆಯಲ್ಲಿ ಚಟ್ನಿಯ ಡಬ್ಬಿ ಇಟ್ಟು, ಮುಚ್ಚಳ ತೆಗೆದೆ. ಪಕ್ಕದಲ್ಲಿದ್ದ ಊದಿನಕಡ್ಡಿಯ ವಾಸನೆ ಅಲ್ಲಿಗೆ ಮುಗಿಯಿತು.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಜನರ ಮುಂದೆ ಸತ್ತವರು ಉಣ್ಣುವುದಿಲ್ಲ, ನಾಚಿಕೆ. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ತೆರೆಯಬೇಕು. ಇಷ್ಟು ಎಲ್ಲ ಮನೆಗಳಲ್ಲೂ ಇದೆ. ಚಿತ್ತಜ್ಜನ ಮನೆತನದಲ್ಲಿ ಇನ್ನೊಂದು ಸೇರಿದೆ: ಬಾಗಿಲು ಮುಚ್ಚಿರುವಷ್ಟು ಹೊತ್ತು ಹೊರಗಿದ್ದವರು ಸತ್ತವರ ಮಾತನ್ನೇ ಆಡಬೇಕು, ಸುಳ್ಳು ಆಡಬಾರದು. ಒಳಗೆ ಕೇಳಿಸುತ್ತದೆ. ಅವನ ಹೆಂಡತಿ ಗಂಗಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲಲ್ಲಿ ಕೂತಳು. ಮೂವತ್ತು ಜನ ಬಿಸಿಲಲ್ಲಿ ನಿಂತೆವು.

ಮೊದಲು ಮೆಂಬರು ಗಂಟಲು ಸರಿಮಾಡಿಕೊಂಡರು. "ಚಿತ್ತಣ್ಣ ಅಂದ್ರೆ ದೇವ್ರಂಥ ಮನುಷ್ಯ. ಒಂದಿನ ಯಾರ್ಗೂ ಒಂದು ಗಡಸು ಮಾತು..."

"ಲೇ, ಬಾಗ್ಲು ಹಾಕೈತೆ" ಎಂದಳು ಗಂಗಜ್ಜಿ. "ನಿನ್ನ ಏನಂತ ಕರೀತಿದ್ದ? ಅದನ್ನೇಳು."

ಮೆಂಬರು ಸುತ್ತ ನೋಡಿದರು. "...ಮೇವು ಕದ್ದ ಟಗರು."

ಹಟ್ಟಿಯೆಲ್ಲ ನಕ್ಕಿತು. ನನ್ನಷ್ಟು ಜೋರಾಗಿ ಯಾರೂ ನಗಲಿಲ್ಲ. ಇದೇ ಸಮಯ ಎಂದು ಮುಂದೆ ಬಂದೆ. ನಿಧಾನವಾಗಿ, ಸಾಹೇಬರು ಹೇಳಿ ಬರೆಸುವ ಹಾಗೆ, ಒಂದೊಂದೇ ಮಾತು ತೂಗಿ ಹೇಳಿದೆ. ಬೋರ್ಡಿನ ಮೇಲಿರುವುದು ಅಪ್ಪಟ ಸುಳ್ಳು, ಚಿತ್ತಜ್ಜ ಮೃದುಭಾಷಿಯಾಗಿರಲಿಲ್ಲ. ಇಲ್ಲದ್ದನ್ನು ಇದೆ ಎಂದು ಯಾರನ್ನೂ ಓಲೈಸಿದವನಲ್ಲ. ಆದ್ದರಿಂದ ಅವನು ಮೆಚ್ಚಿದ್ದಕ್ಕೆ ಮಾತ್ರ ಬೆಲೆ. ಅವನು ಬಾಯಿ ತುಂಬ ಮೆಚ್ಚಿದ್ದು ಜನ್ಮದಲ್ಲಿ ಒಂದೇ ಒಂದು. ಅದು ಒಳಗೆ ಸ್ಟೀಲು ಡಬ್ಬಿಯಲ್ಲಿದೆ. "ಮಂಚೂರಿಯಲ್ಲಿ ಇಲ್ಲ" ಎಂದೂ ಸೇರಿಸಿದೆ.

ಗಂಗಜ್ಜಿ ತಿರುಗಿ, ಮುಚ್ಚಿದ ಬಾಗಿಲನ್ನು ಒಂದು ಸಲ ನೋಡಿದಳು.

"ರಂಗಪ್ಪ, ಏಳ್ಬಾರ್ದು ಅನ್ಕಂಡಿದ್ದೆ ಕಣಪ್ಪ. ಬಾಗ್ಲು ಹಾಕೈತಲ್ಲ, ಏನ್ಮಾಡ್ಲಿ."

"ಏನಜ್ಜೀ?"

"ಅದು ಸೀದೋದ ಚಟ್ನಿ. ಬೇವಿನಂಗೆ ಕಯ್ಯಿ. ಆ ವರ್ಸ ಹಟ್ಟಿಗೆ ಬರ್ತಿದ್ದಂಗೆ ಏಳ್ದ. 'ಗಂಗೀ, ಇದ್ಲು ಅರೆದು ತಂದವ್ನೆ ಕಣೇ. ಅವ್ನವ್ವ ಆಸ್ಪತ್ರೇಲವ್ಳೆ. ಹೊಗೇಲಿ ಕಣ್ಣು ಕೆಂಪ್ಗೆ ಮಾಡ್ಕಂಡು, ಮುಂದ್ಗಡೆ ಕುಕ್ಕರಗಾಲಲ್ಲಿ ಕುಂತು, ನನ್ ಬಾಯ್ನೇ ನೋಡ್ತಾನೆ. ಹೆಂಗೆ ಉಗುಳ್ಳಿ?' ಅಂದ."

ಬಿಸಿಲು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. "ಹಂಗಾದ್ರೆ ಆಮೇಲೆ ವರ್ಷಾ ವರ್ಷ ಯಾಕೆ ಕೇಳ್ತಿದ್ದ?" ಎಂದೆ.

"ಕೇಳ್ದೆ ಇದ್ರೆ ನಿಂಗೆ ಗೊತ್ತಾಗ್ಬುಡ್ತಿತ್ತಲ್ಲ. ಒಂದು ಸುಳ್ಳೇಳ್ಬುಟ್ಟು ಜಲ್ಮೆಲ್ಲ ತಿಂದ. ಈಟೊತ್ಗೆ ಕಲ್ತಿರ್ತಾನೆ ಅಂತ ನೀ ಕೈಕಾಲು ತೊಳೆಯಾಕೆ ಓದಾಗ ಮುಚ್ಚಳ ತೆಗೆದು ಮೂಸ್ತಿದ್ದ. 'ಇಲ್ಲ ಕಣೇ, ಅದೇ ಐತೆ' ಅಂತಿದ್ದ. ನೀ ಬಸ್ಸು ಹತ್ತಿದ ಮ್ಯಾಲೆ, ಬೆಲ್ಲ ಕೊಡೇ ಅಂತಿದ್ದ."

ಯಾರೂ ನಗಲಿಲ್ಲ. ಮೆಂಬರು ಮಾತ್ರ ನನ್ನ ಹತ್ತಿರ ಸರಿದು, ಬಹಳ ವಿನಯದಿಂದ ಕೇಳಿದರು: "ಅಲ್ಲ ಸಾಮಿ, ಅಂಗಾದ್ರೆ ಬೋರ್ಡ್ ಮ್ಯಾಲಿರೋದು ನಿಜ ಆಯ್ತಲ್ಲ?"

ಮೂವತ್ತು ವರ್ಷ ಕಟಕಟೆಯವರನ್ನು ನೋಡಿ ಒಳಗೊಳಗೇ ನಕ್ಕವನು ನಾನು. ಅಲ್ಲಿ ತಲೆಯ ಮೇಲೆ ನೋಡಲು ಫ್ಯಾನೂ ಇರಲಿಲ್ಲ. ಆಕಾಶ ನೋಡಿದೆ.

ನಾಗರಾಜ ಬಾಗಿಲು ತಟ್ಟಿ ತೆರೆದ. ಎಡೆಯಲ್ಲಿ ಎಲ್ಲವೂ ಇಟ್ಟ ಹಾಗೆಯೇ ಇತ್ತು. ಎಡೆಗೆ ಏನು ತಂದಿರುತ್ತಾರೋ ಅದರ ಮೊದಲ ತುತ್ತನ್ನು ತಂದವರೇ ತಿನ್ನಬೇಕಂತೆ. ಸೊಸೆ ಮಂಚೂರಿಯನ್ನೂ, ಮೆಂಬರು ತಮ್ಮ ಪಾಲಿನ ಕರ್ತವ್ಯವನ್ನೂ ಸಂತೋಷವಾಗಿ ನೆರವೇರಿಸಿದರು. ನನಗೆ ಗಂಗಜ್ಜಿಯೇ ಮುದ್ದೆ ಹಾಕಿ, ಡಬ್ಬಿ ಮುಂದಿಟ್ಟು, ಎದುರಿಗೆ ಕೂತಳು. ಒಂದು ತುತ್ತು ಮುರಿದು, ಅದ್ದಿ, ಬಾಯಿಗಿಟ್ಟೆ. ಮೊದಲು ಖಾರ ತಿಳಿಯಿತು. ಆಮೇಲೆ ಉಪ್ಪು, ಹುಳಿ. ಆಮೇಲೆ ಕಹಿ ಬಂತು. ಅದು ಬಂದದ್ದು ಹೋಗಲಿಲ್ಲ, ನಾಲಗೆಯ ಹಿಂದೆ ಕೂತುಕೊಂಡಿತು. ಇಷ್ಟು ವರ್ಷ ತಿಂಗಳಿಗೊಂದು ಸಲ ತಿಂದರೂ ಇದು ನನಗೆ ಯಾಕೆ ತಿಳಿದಿರಲಿಲ್ಲ? ನಾನು ಚಟ್ನಿಯನ್ನು ತಿಂದೇ ಇರಲಿಲ್ಲ ಎಂದು ಕಾಣುತ್ತದೆ. ಬೇಲದ ಮರದಡಿ ಕೇಳಿದ ಮಾತನ್ನೇ ಮುದ್ದೆಗೆ ನೆಂಚಿಕೊಂಡಿದ್ದೆ. ಕಿಟಕಿಯ ಆಚೆಗೆ ಒಂದು ಗುಡ್ಡವಿತ್ತು. ಸ್ವಲ್ಪ ಹೊತ್ತು ಅದನ್ನು ನೋಡಿದೆ. ಗಂಗಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು. ಹೇಗೆ ಉಗುಳಲಿ?

ಎರಡು ಮುದ್ದೆ ತಿಂದೆ. ಅಷ್ಟೂ ಚಟ್ನಿ ತಿಂದೆ. ಡಬ್ಬಿಯ ಅಂಚನ್ನು ಬೆರಳಲ್ಲಿ ಸವರಿದೆ. ಗಂಗಜ್ಜಿ ಎದ್ದು ಹೋಗಿ, ಒಂದು ಚೂರು ಬೆಲ್ಲ ತಂದು, ನನ್ನ ಅಂಗೈಗೆ ಹಾಕಿದಳು. ಹೊರಡುವಾಗ ಫ್ಲೆಕ್ಸಿನ ಮುಂದೆ ನಿಂತೆ. ಟೈ ಕಟ್ಟಿದ ಚಿತ್ತಜ್ಜ ಎದುರಿಗೇ ನೋಡುತ್ತಿದ್ದ, ಬಾಯಿ ಬಿಗಿಹಿಡಿದು, ಏನನ್ನೋ ಇನ್ನೂ ನುಂಗಿಲ್ಲ ಎನ್ನುವ ಹಾಗೆ.

ಮನೆಗೆ ಬಂದು ಚಪ್ಪಲಿ ಬಿಟ್ಟೆ. ಹೆಂಡತಿ ಡಬ್ಬಿ ಕೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ಅವಳ ಮುಖದಲ್ಲಿ ಬಂದ ಆಶ್ಚರ್ಯವನ್ನು ನಾನು ಹಿಂದೆ ಕಂಡಿರಲಿಲ್ಲ.

"ಎಲ್ಲ ಖಾಲಿಯಾಯ್ತು" ಎಂದೆ. ಪ್ರಮಾಣ ಮಾಡಿ ಹೇಳಬಲ್ಲೆ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆದರೆ ನನ್ನ ಹೆಂಡತಿ ಮೂವತ್ತು ವರ್ಷ ಕೋರ್ಟಿನವನ ಜೊತೆ ಸಂಸಾರ ಮಾಡಿದವಳು. ಮುಚ್ಚಳ ತೆಗೆದು ಮೂಸಿ, ನನ್ನ ಕಣ್ಣನ್ನೇ ನೋಡುತ್ತ ಪಾಟೀಸವಾಲಿಗೆ ಎದ್ದಳು.

"ಯಾರು ತಿಂದ್ರು?"

ಈ ಪ್ರಶ್ನೆಗೆ ಸಾಕ್ಷಿಯು ಉತ್ತರಿಸದೆ ಮೌನವಾಗಿರುತ್ತಾನೆ.